ಮೀಟರ್ ಕೆಂಪಾಗಿಲ್ಲ, ಆದ್ರೂ ಮಾತು ಕೇಳ್ತಿಲ್ಲ

ಹೋದ ಬೇಸಿಗೆಯಲ್ಲಿ ತಂಗಿಯ ಮಗ ಮಂಡ್ಯದಿಂದ ಫೋನ್ ಮಾಡಿದ. "ದೊಡ್ಡಮ್ಮ, ಎಡಿಟ್ ಮಾಡುವಾಗ ಮೀಟರ್ ಒಂದ್ಸಲವೂ ಕೆಂಪಿಗೆ ಹೋಗಿಲ್ಲ. ಯೂಟ್ಯೂಬ್‌ಗೆ ಹಾಕಿ ಟಿ.ವಿ.ಯಲ್ಲಿ ನೋಡಿದ್ರೆ ಮಾತೇ ಕೇಳಲ್ಲ. ಓಲಗ ಬಂದ ತಕ್ಷಣ ಅಜ್ಜಿ ರಿಮೋಟ್ ಹುಡುಕ್ತಾರೆ. ಯಾಕೆ?"

ಅವನು ಎಡಿಟ್ ಮಾಡಿದ್ದು ಗೆಳೆಯನ ಅಕ್ಕನ ಮದುವೆ ವಿಡಿಯೊ. ನಾನು ಮೈಸೂರಿನ ಕುವೆಂಪುನಗರದಲ್ಲಿ ಒಂದು ಮಹಡಿ ಕೋಣೆಯಲ್ಲಿ ಕೂತು ಹನ್ನೆರಡು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ. ಮದುವೆ, ಕಾಲೇಜು ವಾರ್ಷಿಕೋತ್ಸವ, ಎರಡು ಅಡುಗೆ ಚಾನೆಲ್, ಆಗಾಗ ಒಂದು ಸಣ್ಣ ಸಾಕ್ಷ್ಯಚಿತ್ರ. ಅವನ ಪ್ರಶ್ನೆಗೆ ಫೋನಿನಲ್ಲಿ ಉತ್ತರ ಹೇಳಲು ಹೋಗಿ ಒಂದು ಗಂಟೆ ಹಿಡಿಯಿತು. ಅದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ಅವನು ನೋಡುತ್ತಿದ್ದದ್ದು ಪೀಕ್ ಮೀಟರ್. ಟೈಮ್‌ಲೈನಿನ ಪಕ್ಕ ಹಸಿರು, ಹಳದಿ, ಕೆಂಪು ಬಣ್ಣದಲ್ಲಿ ಮೇಲೆ ಕೆಳಗೆ ಕುಣಿಯುವ ಪಟ್ಟಿ ಇರುತ್ತದಲ್ಲ, ಅದು. ಆ ಮೀಟರಿಗೆ ಗೊತ್ತಿರುವುದು ಒಂದೇ ಪ್ರಶ್ನೆ: ಸೌಂಡ್ ಒಡೆಯುತ್ತದಾ, ಇಲ್ಲವಾ? ಮಾತು ಕೇಳುತ್ತದಾ, ಓಲಗ ಜಾಸ್ತಿ ಆಯಿತಾ ಅನ್ನುವುದು ಅದಕ್ಕೆ ಗೊತ್ತಿಲ್ಲ. ಅದನ್ನು ಹೇಳುವ ಮೀಟರ್ ಬೇರೆ ಇದೆ. ಎರಡು ಕಿವಿಯ ಸೌಂಡ್ ಒಂದಕ್ಕೊಂದು ಹೊಂದುತ್ತಿದೆಯಾ ಅಂತ ಹೇಳುವುದು ಇನ್ನೊಂದು. ಯಾವ ಮೀಟರ್ ಯಾವ ಪ್ರಶ್ನೆಗೆ ಉತ್ತರ ಕೊಡುತ್ತದೆ ಅಂತ ತಿಳಿದುಕೊಂಡರೆ ಆಯ್ಕೆ ತಾನಾಗಿ ಆಗುತ್ತದೆ.

ತುಂಬೋಕೆ ಇನ್ನೆಷ್ಟು ಬಾಕಿ

ಮೊದಲು ಪೀಕ್ ಮೀಟರನ್ನೇ ನೋಡೋಣ. ಅದರಲ್ಲಿ ಅಂಕಿಗಳೆಲ್ಲ ಮೈನಸ್ ಯಾಕೆ ಅಂತ ಹೊಸಬರಿಗೆ ಗೊಂದಲ.

ನಮ್ಮ ಕಡೆಯವರಿಗೆ ಇದನ್ನು ಹೇಳುವುದು ಸುಲಭ. ಮಳೆಗಾಲದಲ್ಲಿ ದಿನಾ ಬೆಳಿಗ್ಗೆ ಪೇಪರಿನಲ್ಲಿ ಕನ್ನಂಬಾಡಿ ಕಟ್ಟೆಯ ನೀರಿನ ಮಟ್ಟ ನೋಡುತ್ತೇವೆ. ಗರಿಷ್ಠ ಮಟ್ಟ 124.80 ಅಡಿ. ನಮ್ಮಪ್ಪ ಪೇಪರ್ ನನ್ನ ಕೈಗೆ ಕೊಟ್ಟು ಕೇಳುತ್ತಿದ್ದದ್ದು "ತುಂಬೋಕೆ ಇನ್ನೆಷ್ಟು ಬಾಕಿ?" ಅಂತ. ಡಿಜಿಟಲ್ ಮೀಟರಿನ ಲೆಕ್ಕವೂ ಹಾಗೇ. ತುಂಬಿದ ಮಟ್ಟವೇ ಸೊನ್ನೆ. −12 ಅಂದರೆ ತುಂಬಲು ಇನ್ನೂ 12 ಡೆಸಿಬಲ್ ಬಾಕಿ. ಈ ಅಳತೆಗೆ ಡಿಬಿಎಫ್‌ಎಸ್ ಅಂತ ಹೆಸರು. ಎಫ್‌ಎಸ್ ಅಂದರೆ ಫುಲ್ ಸ್ಕೇಲ್, ತುಂಬಿದ ಮಟ್ಟ.

ಕಟ್ಟೆ ತುಂಬಿದರೆ ಗೇಟ್ ಎತ್ತಿ ನೀರು ಬಿಡಬಹುದು. ಇಲ್ಲಿ ಗೇಟ್ ಇಲ್ಲ. ಸೊನ್ನೆ ದಾಟಲು ಹೋದ ಅಲೆಯ ತಲೆ ಕತ್ತರಿಸಿ ಹೋಗುತ್ತದೆ. ಸೌಂಡ್ ಒಡೆಯುವುದು ಅಂದರೆ ಇದೇ. ಎಡಿಟಿಂಗ್ ಸಾಫ್ಟ್‌ವೇರಿನ ಒಳಗೆ ಒಂದು ಟ್ರ್ಯಾಕ್ ಸೊನ್ನೆ ದಾಟಿದರೆ ಗಾಬರಿ ಬೇಡ. ಈಗಿನ ಸಾಫ್ಟ್‌ವೇರ್‌ಗಳು ಒಳಗೆ ಸೊನ್ನೆಯ ಮೇಲಿನದನ್ನೂ ಉಳಿಸಿಕೊಳ್ಳುವ 32 ಬಿಟ್ ಫ್ಲೋಟ್ ಅನ್ನುವ ಕ್ರಮದಲ್ಲಿ ಲೆಕ್ಕ ಮಾಡುತ್ತವೆ, ಎಲ್ಲ ಟ್ರ್ಯಾಕ್ ಬಂದು ಸೇರುವ ಮಾಸ್ಟರ್‌ನಲ್ಲಿ ಇಳಿಸಿದರೆ ಅಲೆ ಸರಿಯಾಗಿ ವಾಪಸ್ ಬರುತ್ತದೆ. ಆದರೆ ಕ್ಯಾಮೆರಾದಲ್ಲೇ ಒಡೆದು ಬಂದದ್ದಕ್ಕೆ ಪೂರ್ತಿ ಔಷಧಿ ಇಲ್ಲ.

ಆದ್ದರಿಂದ ಪೀಕ್ ಮೀಟರನ್ನು ಎಲ್ಲಕ್ಕಿಂತ ಗಮನವಿಟ್ಟು ನೋಡಬೇಕಾದದ್ದು ಶೂಟಿಂಗ್ ಸಮಯದಲ್ಲಿ. ಮದುವೆ ಮನೆಯಲ್ಲಿ ಒಂದು ಕ್ಷಣ ನೆನಪಿಸಿಕೊಳ್ಳಿ. ಪುರೋಹಿತರು ಮಂತ್ರ ಹೇಳುತ್ತಿರುತ್ತಾರೆ, ಓಲಗ ಮೆಲ್ಲಗೆ ನಡೆಯುತ್ತಿರುತ್ತದೆ. ಇದ್ದಕ್ಕಿದ್ದಂತೆ ಅವರು ಕೈ ಎತ್ತಿ "ಗಟ್ಟಿಮೇಳ, ಗಟ್ಟಿಮೇಳ" ಅನ್ನುತ್ತಾರೆ. ಡೋಲಿನವರು ಇದ್ದಬದ್ದ ಶಕ್ತಿಯೆಲ್ಲ ಹಾಕಿ ಬಾರಿಸುತ್ತಾರೆ. ಇಡೀ ಮದುವೆಯಲ್ಲಿ ಯಾರೂ ಕಳೆದುಕೊಳ್ಳಬಾರದ ಕ್ಷಣ ಅದು, ಸೌಂಡ್ ಒಡೆಯುವುದೂ ಆಗಲೇ. ನಾನು ಶುರುವಿನಲ್ಲಿ ಎಡಿಟ್ ಮಾಡಿದ ಮೂರು ಮದುವೆಗಳಲ್ಲಿ ಮಾಂಗಲ್ಯಧಾರಣೆಯ ಸೌಂಡ್ ಗೊರಗೊರ ಅನ್ನುತ್ತದೆ. ಇವತ್ತೂ ಆ ಮನೆಯವರು ಎದುರು ಸಿಕ್ಕರೆ ಮನಸ್ಸಿಗೆ ಕಷ್ಟವಾಗುತ್ತದೆ.

ಈಗ ನಾನು ಕ್ಯಾಮೆರಾದ ಹುಡುಗರಿಗೆ ಹೇಳುವುದು ಇಷ್ಟು. ಆಟೋ ಗೇನ್, ಅಂದರೆ ಕ್ಯಾಮೆರಾ ತಾನೇ ಸೌಂಡ್ ಏರಿಸಿ ಇಳಿಸುವುದು, ಅದನ್ನು ಆಫ್ ಮಾಡಿ. ಮಂತ್ರ, ಮಾತು −20ರ ಆಸುಪಾಸಿನಲ್ಲಿ ಕುಣಿಯಲಿ. ಮುಹೂರ್ತಕ್ಕೆ ಮುಂಚೆ ಓಲಗದವರು ಒಮ್ಮೆ ಜೋರಾಗಿ ಬಾರಿಸಿಯೇ ಇರುತ್ತಾರೆ, ಆಗ ಪೀಕ್ ಎಷ್ಟು ಬಂತು ನೋಡಿ. −8 ದಾಟಿದ್ದರೆ ಗೇನ್ ಇನ್ನೂ ಇಳಿಸಿ. ಮಾತು ಕಮ್ಮಿ ಬಂತು ಅಂತ ಹೆದರಬೇಡಿ. 16 ಬಿಟ್ ರೆಕಾರ್ಡಿಂಗ್‌ನಲ್ಲಿ ಅತಿ ಮೆಲ್ಲನೆಯ ಸೌಂಡಿಗೂ ಅತಿ ಜೋರಿಗೂ ನಡುವೆ ಸುಮಾರು 96 ಡೆಸಿಬಲ್ ಜಾಗ ಇದೆ, 24 ಬಿಟ್‌ನಲ್ಲಿ ಲೆಕ್ಕದ ಪ್ರಕಾರ 144. ಕಮ್ಮಿ ಬಂದದ್ದನ್ನು ಆಮೇಲೆ ಎತ್ತಬಹುದು. ಕೆಲವು ರೆಕಾರ್ಡರ್‌ಗಳು ಅದೇ ಸೌಂಡನ್ನು ಇನ್ನೊಂದು ಟ್ರ್ಯಾಕ್‌ನಲ್ಲಿ ಇಳಿಸಿದ ಮಟ್ಟದಲ್ಲೂ ದಾಖಲಿಸುತ್ತವೆ. ನಿಮ್ಮದರಲ್ಲಿ ಆ ಸೌಲಭ್ಯ ಇದ್ದರೆ ಮದುವೆ ದಿನ ಖಂಡಿತ ಆನ್ ಮಾಡಿ.

ಮುಳ್ಳಿನ ಮೀಟರ್

ಹಳೆಯ ಟೇಪ್ ರೆಕಾರ್ಡರ್‌ಗಳಲ್ಲಿ ಮುಳ್ಳು ಅಲ್ಲಾಡುವ ಮೀಟರ್ ಇರುತ್ತಿತ್ತು. ವಿಯು ಮೀಟರ್. ಅಮೆರಿಕದ ರೇಡಿಯೋದವರು ಮತ್ತು ಬೆಲ್ ಲ್ಯಾಬ್ಸ್ ಸೇರಿ 1939ರಲ್ಲಿ ಅದಕ್ಕೆ ಒಂದು ಗೊತ್ತಾದ ರೂಪ ಕೊಟ್ಟರು. ಅದಕ್ಕೂ ನಾಲ್ಕು ವರ್ಷ ಮುಂಚೆ, 1935ರಲ್ಲೇ, ನಮ್ಮ ಮೈಸೂರಿನಲ್ಲಿ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಿಂದ ರೇಡಿಯೋ ಪ್ರಸಾರ ಶುರು ಮಾಡಿದ್ದರು. ಆಕಾಶವಾಣಿ ಅನ್ನುವ ಹೆಸರು ಬಂದದ್ದು ಅಲ್ಲಿಂದ. ಯಾದವಗಿರಿಯ ಆಕಾಶವಾಣಿ ಕಟ್ಟಡದ ಮುಂದೆ ಹೋಗುವಾಗಲೆಲ್ಲ ನನಗೆ ಇದು ನೆನಪಾಗುತ್ತದೆ. ಮೀಟರಿಗೆ ಒಂದು ಗೊತ್ತಾದ ಅಳತೆ ಬರುವ ಮುಂಚೆಯೇ ಈ ಊರಿನಲ್ಲಿ ಒಬ್ಬರು ಮಾತನ್ನು ಗಾಳಿಯಲ್ಲಿ ಕಳಿಸುತ್ತಿದ್ದರು.

ವಿಯು ಮುಳ್ಳು ನಿಧಾನ. ಪೂರ್ತಿ ಮೇಲೇರಲು ಸುಮಾರು 0.3 ಸೆಕೆಂಡ್ ತೆಗೆದುಕೊಳ್ಳುತ್ತದೆ. ದಸರೆಯ ದಿನ ಅರಮನೆ ಹತ್ತಿರ 21 ಕುಶಾಲತೋಪು ಹಾರಿಸುವುದನ್ನು ರೆಕಾರ್ಡ್ ಮಾಡಿ ನೋಡಿ. ತೋಪು ಢಮ್ ಅಂದ ಕ್ಷಣ ಪೀಕ್ ಮೀಟರ್ ನೇರ ಮೇಲಕ್ಕೆ ಹೊಡೆಯುತ್ತದೆ. ವಿಯು ಮುಳ್ಳು ಅರ್ಧ ದಾರಿ ಏರುವಷ್ಟರಲ್ಲಿ ಆ ಹೊಡೆತ ಮುಗಿದೇ ಹೋಗಿರುತ್ತದೆ. ನಿಧಾನ ಅನ್ನುವ ಕಾರಣಕ್ಕೇ ಅದು ಪೀಕ್ ಮೀಟರಿಗಿಂತ ನಮ್ಮ ಕಿವಿಗೆ ಹತ್ತಿರ. ಸಾಫ್ಟ್‌ವೇರಿನಲ್ಲಿ ವಿಯು ಸಿಕ್ಕರೆ ಇಟ್ಟುಕೊಳ್ಳಿ, ಸಿಗದಿದ್ದರೆ ಹುಡುಕಿಕೊಂಡು ಹೋಗುವ ಅಗತ್ಯವಿಲ್ಲ. ಆ ಕೆಲಸವನ್ನು ಇನ್ನೂ ಚೆನ್ನಾಗಿ ಮಾಡುವ ಮೀಟರ್ ಬಂದಿದೆ.

ಕಿವಿಯ ಲೆಕ್ಕದ ಮೀಟರ್

ಅದು ಲೌಡ್‌ನೆಸ್ ಮೀಟರ್. ಅಳತೆ ಎಲ್‌ಯುಎಫ್‌ಎಸ್, ಬಾಯಿಮಾತಿನಲ್ಲಿ ಲಫ್ಸ್. ಕೆಲವು ಕಡೆ ಎಲ್‌ಕೆಎಫ್‌ಎಸ್ ಅಂತ ಬರೆದಿರುತ್ತದೆ, ಎರಡೂ ಒಂದೇ. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಬಿಎಸ್ 1770 ಅನ್ನುವ ಶಿಫಾರಸಿನಲ್ಲಿ ಇದರ ಲೆಕ್ಕ ಇದೆ. ಮೊದಲು ಬಂದದ್ದು 2006ರಲ್ಲಿ. ನೀವು ಮೀಟರ್ ಆಯ್ದುಕೊಳ್ಳುವಾಗ ಈ 1770 ಅನ್ನುವ ಸಂಖ್ಯೆ ಅದರ ವಿವರದಲ್ಲಿ ಇದೆಯಾ ನೋಡಿ. ಇದ್ದರೆ ನಂಬಬಹುದು.

ಇದರ ಜಾಣತನ ಎಲ್ಲಿದೆ ಅಂದರೆ, ಇದು ಕಿವಿಯ ಹಾಗೆ ಕೇಳಲು ಪ್ರಯತ್ನಿಸುತ್ತದೆ. ತೀರಾ ತಗ್ಗಿನ ಸ್ವರದ ಸೌಂಡನ್ನು ಕಮ್ಮಿ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ, ಎತ್ತರದ ಸ್ವರದ ಸೌಂಡನ್ನು ಸ್ವಲ್ಪ ಜಾಸ್ತಿ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಓಲಗದಲ್ಲೇ ಇದನ್ನು ನೋಡಬಹುದು. ಪೀಕ್ ಮೀಟರಿನಲ್ಲಿ ಮೇಲೆ ಹಾರುವುದು ಡೋಲು. ಆದರೆ ಮನೆಯಲ್ಲಿ ಕೂತವರ ಕಿವಿಗೆ ಚುಚ್ಚುವುದು ನಾದಸ್ವರ. ಡೋಲಿನ ಪೆಟ್ಟು ಬಂದು ಹೋಗುತ್ತದೆ, ನಾದಸ್ವರ ನಿಂತೇ ಇರುತ್ತದೆ. ಅದೂ ಕಿವಿ ಬಹಳ ಚುರುಕಾಗಿರುವ ಎತ್ತರದಲ್ಲಿ. ಪೀಕ್ ನೋಡಿ ಡೋಲನ್ನು ಇಳಿಸುತ್ತಾ ಕೂತರೆ ಅಜ್ಜಿ ರಿಮೋಟ್ ಹುಡುಕುವುದು ನಿಲ್ಲುವುದಿಲ್ಲ.

ಈ ಮೀಟರಿನಲ್ಲಿ ಮೂರು ಅಂಕಿ ಕಾಣುತ್ತವೆ. ಮೊಮೆಂಟರಿ ಅಂದರೆ ಕಳೆದ 0.4 ಸೆಕೆಂಡಿನ ಲೆಕ್ಕ. ಶಾರ್ಟ್ ಟರ್ಮ್ ಅಂದರೆ ಕಳೆದ 3 ಸೆಕೆಂಡಿನದು. ಇಂಟಿಗ್ರೇಟೆಡ್ ಅಂದರೆ ನೀವು ಅಳತೆ ಶುರು ಮಾಡಿದಾಗಿನಿಂದ ಇಲ್ಲಿಯವರೆಗಿನ ಒಟ್ಟು ಲೆಕ್ಕ. ನಾನು ಕೆಲಸ ಮಾಡುವಾಗ ಕಣ್ಣಿಡುವುದು ಶಾರ್ಟ್ ಟರ್ಮ್ ಮೇಲೆ. ಮೂರು ಸೆಕೆಂಡ್ ಅಂದರೆ ಹೆಚ್ಚುಕಮ್ಮಿ ಒಂದು ವಾಕ್ಯ. ಒಬ್ಬರು ಒಂದು ವಾಕ್ಯ ಹೇಳಿ ಮುಗಿಸಿದಾಗ ಅಂಕಿ ಎಲ್ಲಿ ನಿಂತಿದೆ ನೋಡಿದರೆ ಸಾಕು.

ಇಂಟಿಗ್ರೇಟೆಡ್ ಅಂಕಿಯನ್ನು ಬಹಳ ಜನ ಕಣ್ಣುಮುಚ್ಚಿ ನಂಬುತ್ತಾರೆ. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ, ತಂಗಿಯ ಮಗನ ವಿಡಿಯೊ ಕೆಟ್ಟದ್ದು ಇಲ್ಲೇ.

ಈ ಲೆಕ್ಕದಲ್ಲಿ ಒಂದು ಜರಡಿ ಇದೆ. −70ಕ್ಕಿಂತ ಕೆಳಗಿನದನ್ನು ನಿಶ್ಶಬ್ದ ಅಂತ ಮೊದಲೇ ಬಿಟ್ಟುಬಿಡುತ್ತದೆ. ಆಮೇಲೆ ಉಳಿದದ್ದರ ಸರಾಸರಿ ತೆಗೆದು, ಆ ಸರಾಸರಿಗಿಂತ 10 ಕೆಳಗೆ ಇರುವುದನ್ನೆಲ್ಲ ಮತ್ತೆ ಬಿಟ್ಟುಬಿಡುತ್ತದೆ. ಉದ್ದೇಶ ಒಳ್ಳೆಯದೇ. ದೇವಸ್ಥಾನದ ಅಂಗಳದಲ್ಲಿ ಹಕ್ಕಿ ಕೂಗುವ ಒಂದು ಶಾಟ್ ಇದ್ದರೆ, ಆ ಮೌನದಿಂದಾಗಿ ಇಡೀ ವಿಡಿಯೊದ ಸರಾಸರಿ ಇಳಿಯಬಾರದು, ಅಲ್ವಾ? ಆದರೆ ಅವನ ವಿಡಿಯೊದಲ್ಲಿ ಅರ್ಧ ಭಾಗ ಓಲಗ, −10.5ರಲ್ಲಿ. ಇನ್ನರ್ಧ ಮಾತು, −27ರಲ್ಲಿ. ಎರಡೂ ಸೇರಿದ ಸರಾಸರಿ ಸುಮಾರು −13. ಅದಕ್ಕಿಂತ 10 ಕೆಳಗೆ ಅಂದರೆ −23. ಮಾತು ಇರುವುದು −27ರಲ್ಲಿ, ಹಾಗಾಗಿ ಮಾತೆಲ್ಲ ಜರಡಿಯಿಂದ ಹೊರಗೆ! ಮೀಟರ್ ಕೊನೆಗೆ ತೋರಿಸಿದ ಅಂಕಿ −10.5. ಅದು ಓಲಗದ ಅಂಕಿ. ಆ ಮದುವೆಯಲ್ಲಿ ಯಾರಾದರೂ ಮಾತಾಡಿದ್ದಾರೆ ಅನ್ನುವುದೇ ಆ ಅಂಕಿಗೆ ಗೊತ್ತಿಲ್ಲ.

ಇನ್ನು ಯೂಟ್ಯೂಬ್. ಅದು ಸುಮಾರು −14ಕ್ಕಿಂತ ಜೋರಾಗಿರುವ ವಿಡಿಯೊವನ್ನು −14ಕ್ಕೆ ಇಳಿಸುತ್ತದೆ. ಮೆಲ್ಲಗಿರುವುದನ್ನು ಏರಿಸುವುದಿಲ್ಲ. ಇವನ ವಿಡಿಯೊ −10.5 ಇತ್ತು, ಹಾಗಾಗಿ 3.5 ಇಳಿಯಿತು. ಇಳಿಯುವಾಗ ಓಲಗ ಮಾತ್ರ ಇಳಿಯುವುದಿಲ್ಲ, ಎಲ್ಲವೂ ಒಟ್ಟಿಗೆ ಇಳಿಯುತ್ತದೆ. −27ರಲ್ಲಿದ್ದ ಮಾತು −30.5ಕ್ಕೆ ಹೋಯಿತು. ಓಲಗದ ಅಬ್ಬರ ಮಾತನ್ನೂ ಎಳೆದುಕೊಂಡು ಮುಳುಗಿತು.

ನಿಮ್ಮ ವಿಡಿಯೊ ಎಷ್ಟು ಇಳಿದಿದೆ ನೋಡಬೇಕಾದರೆ, ಕಂಪ್ಯೂಟರಿನಲ್ಲಿ ಯೂಟ್ಯೂಬ್ ವಿಡಿಯೊ ಮೇಲೆ ಮೌಸಿನ ಬಲಗುಂಡಿ ಒತ್ತಿ "ಸ್ಟ್ಯಾಟ್ಸ್ ಫಾರ್ ನರ್ಡ್ಸ್" ತೆಗೆಯಿರಿ. ಅಲ್ಲಿ "ಕಂಟೆಂಟ್ ಲೌಡ್‌ನೆಸ್" ಅಂತ ಒಂದು ಅಂಕಿ ಇದೆ. ಪ್ಲಸ್ ಇದ್ದರೆ ಅಷ್ಟು ಇಳಿಸಿದ್ದಾರೆ ಅಂತ ಅರ್ಥ. ಮೈನಸ್ ಇದ್ದರೆ ನಿಮ್ಮದು ಅಷ್ಟು ಮೆಲ್ಲಗಿದೆ.

ಯಾವುದನ್ನು ಹಾಕಿಕೊಳ್ಳಬೇಕು

ದುಡ್ಡು ಕೊಡಬೇಕಾಗಿಲ್ಲ. ಡಾವಿಂಚಿ ರಿಸಾಲ್ವ್ ಅನ್ನುವ ಎಡಿಟಿಂಗ್ ಸಾಫ್ಟ್‌ವೇರಿನ ಉಚಿತ ಆವೃತ್ತಿಯಲ್ಲೇ ಫೇರ್‌ಲೈಟ್ ಪುಟಕ್ಕೆ ಹೋದರೆ ಮೇಲ್ಗಡೆ ಲೌಡ್‌ನೆಸ್ ಮೀಟರ್ ಇದೆ. ನಾನು ಬಳಸುವುದು ಅದೇ. ಪ್ರೀಮಿಯರ್ ಪ್ರೊ ಇದ್ದರೆ ಆಡಿಯೊ ಟ್ರ್ಯಾಕ್ ಮಿಕ್ಸರ್ ತೆಗೆದು ಮಿಕ್ಸ್ ಟ್ರ್ಯಾಕ್‌ಗೆ ಲೌಡ್‌ನೆಸ್ ಮೀಟರ್ ಅನ್ನುವ ಎಫೆಕ್ಟ್ ಹಾಕಿ. ಶಾಟ್‌ಕಟ್ ಪೂರ್ತಿ ಉಚಿತ, ಅದರ ವ್ಯೂ ಮೆನುವಿನಲ್ಲಿ ಸ್ಕೋಪ್ಸ್ ಒಳಗೆ ಆಡಿಯೊ ಲೌಡ್‌ನೆಸ್ ಇದೆ. ನಿಮ್ಮ ಸಾಫ್ಟ್‌ವೇರಿನಲ್ಲಿ ಇಲ್ಲದಿದ್ದರೆ ಯೂಲೀನ್ ಲೌಡ್‌ನೆಸ್ ಮೀಟರ್ ಅನ್ನುವ ಪ್ಲಗಿನ್ (ಸಾಫ್ಟ್‌ವೇರಿಗೆ ಸೇರಿಸಿಕೊಳ್ಳುವ ಸಣ್ಣ ಪ್ರೋಗ್ರಾಂ) ಹಾಕಿಕೊಳ್ಳಿ, ಉಚಿತ ಆವೃತ್ತಿಯೇ ನಮ್ಮ ಕೆಲಸಕ್ಕೆ ಸಾಕು. ತಂಗಿಯ ಮಗ ಮೊದಲು ಫೋನಿನಲ್ಲೇ ಎಡಿಟ್ ಮಾಡುತ್ತಿದ್ದ. ಅಂಥವರು ಮುಗಿದ ಫೈಲನ್ನು ಯಾರದಾದರೂ ಲ್ಯಾಪ್‌ಟಾಪಿನಲ್ಲಿ ಶಾಟ್‌ಕಟ್‌ಗೆ ಹಾಕಿ ಅಳೆದು, ಮತ್ತೆ ಫೋನಿಗೆ ಬಂದು ಸರಿಮಾಡಬಹುದು. ಎರಡು ಮೂರು ವಿಡಿಯೊ ಹಾಗೆ ಮಾಡಿದರೆ ಕೈ ಹದಕ್ಕೆ ಬರುತ್ತದೆ.

ಪರದೆಯಲ್ಲಿ ನನಗೆ ಬೇಕಾದದ್ದು ಮೂರೇ: ದೊಡ್ಡ ಅಕ್ಷರದಲ್ಲಿ ಶಾರ್ಟ್ ಟರ್ಮ್, ಪಕ್ಕದಲ್ಲಿ ಟ್ರೂ ಪೀಕ್ (ಅದೇನು ಅಂತ ಮುಂದೆ ಹೇಳುತ್ತೇನೆ), ಮೂಲೆಯಲ್ಲಿ ಎರಡು ಕಿವಿಯ ಸೌಂಡ್ ಹೊಂದುತ್ತಿದೆಯಾ ಅಂತ ಹೇಳುವ ಕೊರಿಲೇಶನ್ ಮೀಟರ್. ಬಣ್ಣಬಣ್ಣದ ಸ್ಪೆಕ್ಟ್ರಮ್ ನೋಡಲು ಚೆಂದ, ಆದರೆ ಅದನ್ನು ನೋಡುತ್ತಾ ಕೂತರೆ ಕೇಳುವುದು ಮರೆತುಹೋಗುತ್ತದೆ.

ಮಾತನ್ನು ಮೊದಲು ಕೂರಿಸಿ

ಈಗ ಕೆಲಸ. ಶುರು ಮಾಡುವ ಮುಂಚೆ ಸ್ಪೀಕರ್ ಅಥವಾ ಹೆಡ್‌ಫೋನಿನ ವಾಲ್ಯೂಮನ್ನು ಒಂದು ಕಡೆ ಇಟ್ಟು ಕೈ ತೆಗೆಯಿರಿ. ನನ್ನ ಸ್ಪೀಕರಿನ ತಿರುಗುಗುಂಡಿಯ ಮೇಲೆ ಕೆಂಪು ಉಗುರುಬಣ್ಣದ ಒಂದು ಚುಕ್ಕೆ ಇದೆ. ಕೆಲಸ ಮಾಡುವಾಗ ಗುಂಡಿ ಆ ಚುಕ್ಕೆಯಲ್ಲೇ ಇರಬೇಕು. ಮೂರು ಗಂಟೆ ಹೆಡ್‌ಫೋನ್ ಹಾಕಿಕೊಂಡರೆ ಕಿವಿ ಮಂದವಾಗುತ್ತದೆ, ನಮಗೆ ಗೊತ್ತಿಲ್ಲದೆ ವಾಲ್ಯೂಮ್ ಏರಿಸುತ್ತೇವೆ. ಆಮೇಲೆ ಎಲ್ಲವೂ ಜೋರಾಗಿದೆ ಅನ್ನಿಸಿ ಮಾತನ್ನೇ ಇಳಿಸುತ್ತೇವೆ. ಚುಕ್ಕೆ ಇಟ್ಟ ಮೇಲೆ ನನಗೆ ಈ ತೊಂದರೆ ಬಹಳ ಕಮ್ಮಿಯಾಗಿದೆ.

ಆಮೇಲೆ ಓಲಗ, ಹಾಡು, ಹಿನ್ನೆಲೆ ಸಂಗೀತ ಎಲ್ಲ ಟ್ರ್ಯಾಕ್ ಮ್ಯೂಟ್ ಮಾಡಿ. ಮಾತು ಮಾತ್ರ ಬಿಡಿ. ಒಂದೊಂದು ಕ್ಲಿಪ್ಪನ್ನೂ ಕೇಳುತ್ತಾ ಶಾರ್ಟ್ ಟರ್ಮ್ −17ರಿಂದ −15ರ ನಡುವೆ ಬರುವ ಹಾಗೆ ಏರಿಸಿ ಇಳಿಸಿ. ಒಬ್ಬರು ಗಟ್ಟಿ ದನಿ, ಇನ್ನೊಬ್ಬರು ಮೆಲು ದನಿ ಇದ್ದರೆ ಇಬ್ಬರನ್ನೂ ಈ ಅಳತೆಗೆ ತನ್ನಿ. ಇಡೀ ಕೆಲಸದಲ್ಲಿ ಹೆಚ್ಚು ಹೊತ್ತು ಹಿಡಿಯುವುದು ಇದೇ, ಹಿಡಿಯಲಿ. ಮಾತು ಕೂತರೆ ಉಳಿದದ್ದೆಲ್ಲ ಅದರ ಸುತ್ತ ಸುಲಭವಾಗಿ ಕೂರುತ್ತದೆ.

ಈಗ ಓಲಗದ ಟ್ರ್ಯಾಕ್ ಬಿಡಿ. ಸಾಧಾರಣ ಓಲಗ ಮಾತಿನ ಮಟ್ಟದಲ್ಲೇ ಇರಲಿ. ಗಟ್ಟಿಮೇಳಕ್ಕೆ ಮಾತ್ರ ನಾಲ್ಕೈದು ಜಾಸ್ತಿ ಕೊಡಿ, ಅಂದರೆ −12, −11ರ ತನಕ. ಗಟ್ಟಿಮೇಳ ಮಾತಿನಷ್ಟೇ ಸಪ್ಪೆಯಾದರೆ ಅದು ಗಟ್ಟಿಮೇಳ ಅನ್ನಿಸುವುದೇ ಇಲ್ಲ. ಮಾತಿನ ಕೆಳಗೆ ಓಡುವ ಸಂಗೀತವನ್ನು ಮಾತಿಗಿಂತ 15ರಿಂದ 18 ಕೆಳಗೆ ಇಡುತ್ತೇನೆ. ಅದರಲ್ಲಿ ಹಾಡುವ ದನಿ ಇದ್ದರೆ ಇನ್ನೂ ಕೆಳಗೆ. ಎರಡು ದನಿ ಒಟ್ಟಿಗೆ ಬಂದರೆ ಕೇಳುವವರಿಗೆ ಎರಡೂ ಸಿಗುವುದಿಲ್ಲ.

ಒಂದೊಂದು ಟ್ರ್ಯಾಕಿನ ಮೀಟರ್ ಸರಿಯಿದ್ದರೂ ಮಾಸ್ಟರ್ ಮೀಟರ್ ಕೆಂಪಾಗಬಹುದು. ಟ್ರ್ಯಾಕ್‌ಗಳು ಕೂಡಿಕೊಳ್ಳುವುದೇ ಅದಕ್ಕೆ ಕಾರಣ. ಒಂದೇ ಮಟ್ಟದ ಬೇರೆಬೇರೆ ಸೌಂಡ್ ಎರಡು ಸೇರಿದರೆ ಸುಮಾರು 3 ಡೆಸಿಬಲ್ ಏರುತ್ತದೆ. ಒಂದೇ ಸೌಂಡಿನ ಎರಡು ಪ್ರತಿ ಸೇರಿದರೆ 6. ಕ್ಯಾಮೆರಾ ಸೌಂಡ್ ಮತ್ತು ರೆಕಾರ್ಡರ್ ಸೌಂಡ್ ಎರಡನ್ನೂ ಮರೆತು ಬಿಟ್ಟರೆ ಹೀಗೇ ಆಗುತ್ತದೆ. ಆದ್ದರಿಂದ ಕೊನೆಯ ಮಾತು ಮಾಸ್ಟರ್ ಮೀಟರಿನದು.

ಎಲ್ಲ ಕೂತ ಮೇಲೆ ಮೀಟರನ್ನು ರೀಸೆಟ್ ಮಾಡಿ, ಮೊದಲಿನಿಂದ ಕೊನೆಯವರೆಗೆ ನಿಲ್ಲಿಸದೆ ಓಡಿಸಿ. ರೀಸೆಟ್ ಮಾಡದಿದ್ದರೆ ಹಳೆಯ ಲೆಕ್ಕವೂ ಸೇರಿಕೊಳ್ಳುತ್ತದೆ. ಓಲಗ ಜಾಸ್ತಿ ಇರುವ ಮದುವೆ ವಿಡಿಯೊ ಇಂಟಿಗ್ರೇಟೆಡ್ −14ರ ಹತ್ತಿರ ಬರುತ್ತದೆ, ಮಾತೇ ಜಾಸ್ತಿ ಇರುವುದು −16ರ ಹತ್ತಿರ. ಎರಡೂ ಯೂಟ್ಯೂಬ್‌ಗೆ ಚೆನ್ನಾಗಿಯೇ ಕೇಳುತ್ತವೆ. −16 ಬಂದದ್ದನ್ನು ಹಿಂಡಿ −14 ಮಾಡಲೇಬೇಕು ಅಂತ ನಾನು ಹಟ ಹಿಡಿಯುವುದಿಲ್ಲ.

ವಿಡಿಯೊ ಬೇರೆ ಕಡೆ ಹೋಗುವುದಾದರೆ ಅಂಕಿ ಬೇರೆ. ಆಪಲ್ ಪಾಡ್‌ಕಾಸ್ಟ್ −16 ಕೇಳುತ್ತದೆ. ಯುರೋಪಿನ ಟಿ.ವಿ.ಯವರು 2010ರಲ್ಲಿ ತಂದ ಆರ್128 ನಿಯಮದಲ್ಲಿ −23, ಅಮೆರಿಕದ ಟಿ.ವಿ.ಗೆ −24. ನೆಟ್‌ಫ್ಲಿಕ್ಸ್ ಮಾತಿನ ಭಾಗವನ್ನು ಮಾತ್ರ ಅಳೆದು −27 ಕೇಳುತ್ತದೆ. ಮಾತನ್ನೇ ಅಳೆಯುವ ಈ ಕ್ರಮ ನನಗೆ ಬಹಳ ಸರಿ ಅನ್ನಿಸುತ್ತದೆ. ನಮ್ಮ ಟಿ.ವಿ. ಚಾನೆಲ್‌ಗೆ ಕೊಡುವುದಾದರೆ ಎಡಿಟ್ ಶುರು ಮಾಡುವ ಮುಂಚೆಯೇ ಅವರ ಅಂಕಿ ಏನು ಅಂತ ಕೇಳಿ ಬರೆದುಕೊಳ್ಳಿ.

ಎಕ್ಸ್‌ಪೋರ್ಟ್‌ಗೆ ಮುಂಚೆ ಟ್ರೂ ಪೀಕ್ ನೋಡಿ. ಸಾಧಾರಣ ಪೀಕ್ ಮೀಟರ್ ಡಿಜಿಟಲ್ ಅಲೆಯ ಚುಕ್ಕೆಗಳನ್ನು ಮಾತ್ರ ನೋಡುತ್ತದೆ. ಎರಡು ಚುಕ್ಕೆಗಳ ನಡುವೆ ಅಲೆ ಅದಕ್ಕಿಂತ ಮೇಲೆ ಹೋಗಿರಬಹುದು. ಟ್ರೂ ಪೀಕ್ ಮೀಟರ್ ಆ ನಡುವಿನ ಎತ್ತರವನ್ನೂ ಲೆಕ್ಕ ಹಾಕುತ್ತದೆ. ಮಾಸ್ಟರ್‌ನಲ್ಲಿ ಒಂದು ಲಿಮಿಟರ್ (ಸೌಂಡ್ ಒಂದು ಮಟ್ಟ ದಾಟದಂತೆ ತಡೆಯುವ ಎಫೆಕ್ಟ್) ಹಾಕಿ −1ರಲ್ಲಿ ನಿಲ್ಲಿಸಿ. ವಿಡಿಯೊ ಫೈಲಿನಲ್ಲಿ ಸೌಂಡನ್ನು ಎಎಸಿ ಅನ್ನುವ ರೂಪಕ್ಕೆ ಒತ್ತಿ ಚಿಕ್ಕದು ಮಾಡಿ ಸೇರಿಸುವಾಗ ಪೀಕ್ ಸ್ವಲ್ಪ ಏರುವುದುಂಟು, ಅದಕ್ಕೇ ಈ ಒಂದು ಡೆಸಿಬಲ್ ಜಾಗ. ಲಿಮಿಟರ್ ಮೂರು ನಾಲ್ಕು ಡೆಸಿಬಲ್‌ಗಿಂತ ಜಾಸ್ತಿ ಒತ್ತುತ್ತಿದ್ದರೆ ಹಿಂದೆ ಹೋಗಿ ಡೋಲನ್ನು ಕೈಯಾರೆ ಇಳಿಸಿ.

ಮಾತೇ ಮಾಯವಾದ ದಿನ

ಕೊರಿಲೇಶನ್ ಮೀಟರ್ ಯಾಕೆ ಬೇಕು ಅಂತ ನಾನು ಕಷ್ಟದಲ್ಲಿ ಕಲಿತೆ. ಮೈಸೂರಿನಲ್ಲಿ ಒಂದು ಸನ್ಮಾನ ಸಮಾರಂಭ. ಸಭಾಂಗಣದ ಮಿಕ್ಸರ್‌ನಿಂದ ನೇರ ಕ್ಯಾಮೆರಾಗೆ ಸೌಂಡ್ ತೆಗೆದುಕೊಂಡಿದ್ದೆವು. ಹೆಡ್‌ಫೋನಿನಲ್ಲಿ ಎಷ್ಟು ಸ್ವಚ್ಛ! ಪೀಕ್ ಸರಿ, ಲೌಡ್‌ನೆಸ್ ಸರಿ. ಕಳಿಸಿದ ಮರುದಿನ ಸನ್ಮಾನಿತರ ಮಗಳು ಫೋನ್ ಮಾಡಿದರು. "ಅಕ್ಕಾ, ಊರಲ್ಲಿ ಅಮ್ಮನ ಫೋನಲ್ಲಿ ಅಪ್ಪನ ಮಾತೇ ಬರ್ತಿಲ್ಲ. ಬಾಯಿ ಆಡ್ತಿದೆ ಅಷ್ಟೇ." ನನ್ನ ಫೋನಿನಲ್ಲಿ ಕೇಳುತ್ತಿತ್ತು. ಬ್ಲೂಟೂತ್ ಸ್ಪೀಕರಿಗೆ ಹಾಕಿದೆ, ಮಾತು ಮಾಯ.

ಕಾರಣ ಕೇಬಲ್. ಮಿಕ್ಸರಿನ ಮೂರು ಪಿನ್ನಿನ ಎಕ್ಸ್‌ಎಲ್‌ಆರ್‌ನಲ್ಲಿ, ನಮ್ಮ ಸೌಂಡ್‌ನವರು ಕ್ಯಾನನ್ ಅನ್ನುವುದರಲ್ಲಿ, ಒಂದೇ ಸೌಂಡ್ ಎರಡು ತಂತಿಯಲ್ಲಿ ಹೋಗುತ್ತದೆ. ಒಂದರಲ್ಲಿ ನೇರ, ಇನ್ನೊಂದರಲ್ಲಿ ತಲೆಕೆಳಗು. ದಾರಿಯಲ್ಲಿ ಸೇರುವ ಗದ್ದಲವನ್ನು ತೆಗೆಯಲು ಮಾಡಿದ ಏರ್ಪಾಡು ಅದು. ಅದನ್ನು ಕ್ಯಾಮೆರಾದ ಸಣ್ಣ ಸ್ಟೀರಿಯೊ ಪಿನ್ನಿಗೆ ಸುಮ್ನೆ ಜೋಡಿಸಿದರೆ, ಎಡಗಡೆ ನೇರ ಅಲೆ, ಬಲಗಡೆ ತಲೆಕೆಳಗಾದ ಅಲೆ ಕೂರುತ್ತದೆ. ಎರಡು ಸ್ಪೀಕರಿನಲ್ಲಿ ಕೇಳುತ್ತದೆ. ಒಂದೇ ಸ್ಪೀಕರ್ ಇದ್ದಾಗ ಎರಡೂ ಕೂಡಿ ಸೊನ್ನೆ.

ಕೊರಿಲೇಶನ್ ಮೀಟರ್ +1ರಿಂದ −1ರ ತನಕ ಓಡುತ್ತದೆ. ಮಧ್ಯದಲ್ಲಿ ಕೂತ ಮಾತಿಗೆ ಅದು +1ರ ಹತ್ತಿರ ಇರಬೇಕು. ಸ್ಟೀರಿಯೊ ಸಂಗೀತಕ್ಕೆ ಸೊನ್ನೆಯಿಂದ +1ರ ನಡುವೆ ಓಡಾಡಿದರೆ ತೊಂದರೆ ಇಲ್ಲ. −1ರ ಕಡೆ ಅಂಟಿಕೊಂಡಿದ್ದರೆ ನಿಮ್ಮ ಮಾತು ಯಾರದೋ ಫೋನಿನಲ್ಲಿ ಮಾಯವಾಗಲಿದೆ ಅಂತ ಅರ್ಥ. ಸರಿಮಾಡುವುದು ಎರಡು ನಿಮಿಷದ ಕೆಲಸ. ಬಲಗಡೆಯದನ್ನು ಬಿಟ್ಟು ಎಡಗಡೆಯ ಸೌಂಡನ್ನೇ ಎರಡೂ ಕಡೆಗೆ ಕೊಡಿ. ಆ ದಿನ ನನ್ನ ಪರದೆಯಲ್ಲಿ ಈ ಮೀಟರ್ ಇರಲಿಲ್ಲ. ಇದ್ದಿದ್ದರೆ ಆ ತಾಯಿ ಮೊದಲ ಸಲ ನೋಡುವಾಗಲೇ ಗಂಡನ ಮಾತು ಕೇಳುತ್ತಿದ್ದರು.

ಆಲೆಮನೆಯಲ್ಲಿ

ಮೀಟರಿನ ಇನ್ನೊಂದು ಉಪಯೋಗ ಶೂಟಿಂಗ್ ಜಾಗದಲ್ಲಿ. ಮಂಡ್ಯದ ಹತ್ತಿರ ಒಂದು ಆಲೆಮನೆಯ ಬಗ್ಗೆ ಎಂಟು ನಿಮಿಷದ ಚಿತ್ರ ಮಾಡಿದೆವು. ಒಂದು ಕಡೆ ಕಬ್ಬು ಅರೆಯುವ ಗಾಣದ ಮೋಟಾರು, ಇನ್ನೊಂದು ಕಡೆ ಕೊಪ್ಪರಿಗೆಯಲ್ಲಿ ಕುದಿಯುವ ಕಬ್ಬಿನ ಹಾಲು. ಬೆಲ್ಲ ತೆಗೆಯುವ ಯಜಮಾನರು ಪಾಕ ಹದಕ್ಕೆ ಬಂತು ಅಂತ ಹೇಗೆ ಗೊತ್ತಾಗುತ್ತದೆ ಅನ್ನುವುದನ್ನು ಹೇಳುತ್ತಿದ್ದರು. ಚಿನ್ನದಂಥ ಮಾತು, ಆದರೆ ಮೋಟಾರಿನ ಪಕ್ಕದಲ್ಲಿ.

ಅವರು ಸುಮ್ಮನಿದ್ದಾಗ ಮೀಟರ್ ನೋಡಿದೆ, −30. ಮಾತಾಡಿದಾಗ −20. ಅಂತರ ಬರೀ 10. ಹೀಗಿದ್ದರೆ ಎಡಿಟಿಂಗ್‌ನಲ್ಲಿ ಮಾತನ್ನು ಎತ್ತಿದಷ್ಟೂ ಮೋಟಾರೂ ಎದ್ದು ಬರುತ್ತದೆ. ಕನಿಷ್ಠ 15 ಅಂತರ ಬೇಕು, 20 ಸಿಕ್ಕರೆ ನೆಮ್ಮದಿ. ಮೈಕ್ ಮತ್ತು ಬಾಯಿಯ ನಡುವಿನ ದೂರ ಅರ್ಧ ಮಾಡಿದರೆ ಮಾತು ಸುಮಾರು 6 ಡೆಸಿಬಲ್ ಏರುತ್ತದೆ, ದೂರದ ಮೋಟಾರು ಇದ್ದಲ್ಲೇ ಇರುತ್ತದೆ. ಎದುರಿಗೆ ಎರಡು ಅಡಿ ದೂರ ಹಿಡಿದಿದ್ದ ಮೈಕನ್ನು ಒಂದು ಅಡಿಗೆ ತಂದೆ, ಅವರನ್ನು ಗೋಡೆಯ ಆಚೆ ಬದಿಗೆ ಕರೆದುಕೊಂಡು ಹೋದೆ. ಅಂತರ 19 ಆಯಿತು. ಮೋಟಾರು ಹಿಂದೆ ಮೆಲ್ಲಗೆ ಕೇಳುತ್ತಿತ್ತು, ಅದು ಇರಬೇಕಾದದ್ದೇ. ಪೂರ್ತಿ ತೆಗೆದರೆ ಅದು ಆಲೆಮನೆ ಅನ್ನಿಸುವುದಿಲ್ಲ.

ಪ್ರತಿ ಕೆಲಸ ಮುಗಿದ ಮೇಲೆ ಅಂಕಿಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತೇನೆ. ಮುಂದಿನ ಸಲ ಅದೇ ತರಹದ ಕೆಲಸ ಬಂದಾಗ ಎಲ್ಲಿಂದ ಶುರು ಮಾಡಬೇಕು ಅಂತ ಗೊತ್ತಿರುತ್ತದೆ. ಆಲೆಮನೆಯ ಪುಟದಲ್ಲಿ ಹೀಗಿದೆ: ಮಾತು −17ರಿಂದ −15. ಗಾಣ −35. ಇಂಟಿಗ್ರೇಟೆಡ್ −16.2. ಟ್ರೂ ಪೀಕ್ −1.4. ಕೊರಿಲೇಶನ್ +0.9. ಕೆಳಗೆ ಪೆನ್ಸಿಲಿನಲ್ಲಿ ಇನ್ನೊಂದು ಸಾಲು: "ಅಮ್ಮ ಅಡುಗೆಮನೆಯಲ್ಲಿ ಒಗ್ಗರಣೆ ಹಾಕುತ್ತಾ ಹಾಲ್‌ನ ಟಿ.ವಿ.ಯಿಂದ ಕೇಳಿದರು. ಯಜಮಾನರ ಮಾತು ಪೂರ್ತಿ ಕೇಳಿಸಿತು."